ಗೋಲ್ಕೊಂಡದ ಅರಸರ ಗೋರಿಗಳು

1518ರಿಂದ 1687ರವರೆಗೆ ಗೋಲ್ಕೊಂಡವನ್ನಾಳಿದ ಕುತುಬ್‌ಶಾಹಿ ಸುಲ್ತಾನರಲ್ಲಿ ಬದುಕಿರುವಾಗಲೇ ತಮ್ಮ ಗೋರಿಯನ್ನು ಕಟ್ಟಿಸಿಕೊಳ್ಳುವ ರೂಢಿಯಿತ್ತು. ಕೋಟೆಯ ಬಂಜಾರ ದರ್ವಾಜಾದ ಆಚೆಯಿರುವ ಈ ಗುಮ್ಮಟಗಳ ಸಾಲು ಹಾಗಾಗಿ ವಂಶದ ಅಧಿಕಾರವನ್ನು ಕಲ್ಲಿನಲ್ಲಿ ದಾಖಲಿಸಿಟ್ಟ ಕಡತವೂ ಹೌದು. ಮಧ್ಯಯುಗದ ಇಂಗ್ಲೆಂಡಿನ ಹಲವು ದೊರೆಗಳು ಇಗರ್ಜಿಯೊಳಗೆ, ತಮ್ಮದೇ ಮಲಗಿದ ಆಕೃತಿಯನ್ನು ಕಡೆದಿರಿಸಿದ ಸಮಾಧಿಗಳಲ್ಲಿದ್ದಾರೆ. ಇಲ್ಲಿ ಮನುಷ್ಯಾಕೃತಿಗೆ ಎಡೆಯಿಲ್ಲದ್ದರಿಂದ ಗೋರಿಯೊಳಗಿರುವವನ ಗುರುತನ್ನು ಬರವಣಿಗೆಯೇ ಹೇಳಬೇಕು.

ಶವಸ್ನಾನಗೃಹವೆಂದೇ ಹೆಸರಾದ ಹಮಾಮು ಇದೇ ಆವರಣದಲ್ಲಿದ್ದು, ಮೃತದೇಹವನ್ನು ಮೀಯಿಸುತ್ತಿದ್ದರೆನ್ನಲಾದ ಅದರ ಜಗಲಿಗೆ ಹನ್ನೆರಡು ಮೂಲೆಗಳಿರುವುದನ್ನು ಅರಸರ ಶಿಯಾ ಪಂಥದ ಹನ್ನೆರಡು ಇಮಾಮರ ಸಂಕೇತವೆಂದು ವಿವರಿಸುವುದುಂಟು. ದೊಡ್ಡ ಗೋರಿಗಳಲ್ಲಿ ದೇಹವನ್ನು ನೆಲಮಾಳಿಗೆಯಲ್ಲಿ ಹೂಳಿ, ಅದರ ನೇರಕ್ಕೆ ಮೇಲಿನ ಹಜಾರದಲ್ಲಿ ತಾವೀಜ್, ಅಂದರೆ ಸಮಾಧಿಯನ್ನು ಸೂಚಿಸುವ ಕಲ್ಲಿನ ಪೀಠವನ್ನು, ನುಣುಪಾಗಿ ಉಜ್ಜಿದ ಕರಿಕಲ್ಲಿನಲ್ಲಿ ಮಾಡಿ ನಸ್ಖ್ ಲಿಪಿಯ ಬರಹವನ್ನು ಕೆತ್ತುತ್ತಿದ್ದರು. ಬೀದರಿನ ಬಹಮನಿಗಳ ಸೇವೆಯಲ್ಲಿದ್ದು ಮುಂದೆ ಸ್ವತಂತ್ರನಾದ ಸುಲ್ತಾನ್ ಕುಲಿಯನ್ನು ಅವನ ಗೋರಿಯ ಬರಹವು ಜನ ಕರೆಯುತ್ತಿದ್ದಂತೆ ‘ಬಡೇ ಮಲಿಕ್’, ಅಂದರೆ ದೊಡ್ಡ ಒಡೆಯ, ಎಂದೇ ಹೆಸರಿಸುತ್ತದೆ.

ಆ ಸುಲ್ತಾನ್ ಕುಲಿಯನ್ನು 1543ರಲ್ಲಿ ಕೊಲ್ಲಿಸಿದನೆಂಬ ಅಪವಾದ ಹೊತ್ತ ಮಗ ಜಮ್‌ಶೀದನ ಎಂಟು ಮೂಲೆಗಳ ಎರಡಂತಸ್ತಿನ ಗೋರಿಯಲ್ಲಿ ಕರಿಕಲ್ಲಿನ ತಾವೀಜೂ ಇಲ್ಲ, ಬರಹವೂ ಇಲ್ಲ. ಇದನ್ನು ಪಿತೃಹತ್ಯೆಗೆ ಸಿಕ್ಕ ಶಿಕ್ಷೆಯೆಂದು ಓದುವ ಆಸೆ ಸಹಜವಾದರೂ, ಬರಹದ ಅಭಾವವೊಂದೇ ಅಷ್ಟು ದೊಡ್ಡ ತೀರ್ಮಾನದ ಭಾರವನ್ನು ಹೊರಲಾರದು. 1591ರಲ್ಲಿ ಹೈದರಾಬಾದನ್ನು ಕಟ್ಟಿಸಿದ ಮುಹಮ್ಮದ್ ಕುಲಿಯ ಸುಮಾರು 42 ಮೀಟರ್ ಎತ್ತರದ ಗೋರಿಯ ಮುಂದೆ ನಿಂತರೆ ಅರವತ್ತೆಂಬತ್ತು ವರ್ಷಗಳಲ್ಲಿ ಈ ಮನೆತನದ ಸಂಪತ್ತೂ ಆತ್ಮವಿಶ್ವಾಸವೂ ಎಷ್ಟು ಬೆಳೆದಿದ್ದವೆಂಬುದು ತಿಳಿಯುತ್ತದೆ. ಅರಸಿಯರಿಗೂ ಇಲ್ಲಿ ಜಾಗವಿತ್ತು: ಮುಹಮ್ಮದ್ ಕುಲಿಯ ಮಗಳೂ ಸುಲ್ತಾನ್ ಮುಹಮ್ಮದನ ಪತ್ನಿಯೂ ಅಬ್ದುಲ್ಲಾನ ತಾಯಿಯೂ ಆಗಿ ಮೂರು ಆಳ್ವಿಕೆಗಳನ್ನು ಬೆಸೆದ ಹಯಾತ್ ಬಕ್ಷಿ ಬೇಗಮಳ ಗೋರಿ ಅರಸರ ಗೋರಿಗಳಿಗೆ ಸರಿಸಾಟಿಯಾಗಿದೆ.

ಈ ಸಾಲಿನಲ್ಲಿ ಕೊನೆಯ ಸುಲ್ತಾನ ಅಬುಲ್ ಹಸನ್ ತಾನಾಶಾಹನಿಲ್ಲ. 1687ರಲ್ಲಿ ಗೋಲ್ಕೊಂಡವನ್ನು ಗೆದ್ದ ಔರಂಗಜೇಬನು ಅವನನ್ನು ದೌಲತಾಬಾದಿನ ಕೋಟೆಯಲ್ಲಿ ಸೆರೆಯಿಟ್ಟನು. ಸೆರೆಯಲ್ಲೇ ತೀರಿಕೊಂಡ ಅವನ ಸರಳ ಸಮಾಧಿಯು ಖುಲ್ದಾಬಾದಿನಲ್ಲಿ, ಕಲಬುರಗಿಯ ಖ್ವಾಜಾ ಬಂದೇನವಾಜರ ತಂದೆ ಸೈಯದ್ ಯೂಸುಫ್ ಶಾಹ್ ರಾಜು ಕತ್ತಾಲರ ದರ್ಗಾದಲ್ಲಿದೆ.