ಹೇಜಲ್ ಡಿಕನ್ಸ್: ಗಣಿ ಧೂಳಿನ ವಿರುದ್ಧ ಹಾಡಿದ ದನಿ

ಕಂಟ್ರಿ ಮ್ಯೂಸಿಕ್ ಅಂದ್ರೆ ನಮ್ಮ ತಲೆಗೆ ಬರೋದು ಕೌಬಾಯ್ ಟೋಪಿ, ಗಿಟಾರ್, ಮುರಿದುಬಿದ್ದ ಪ್ರೀತಿ. ಇವತ್ತಿನ ಗಾಯಕಿ ಹಾಡಿದ್ದು ಶ್ವಾಸಕೋಶದ ಬಗ್ಗೆ. ಗಣಿ ಕಾರ್ಮಿಕರ, ಧೂಳು ತುಂಬಿ ಕಪ್ಪಾದ ಶ್ವಾಸಕೋಶದ ಬಗ್ಗೆ. ಅವರ ಹೆಸರು ಹೇಜಲ್ ಡಿಕನ್ಸ್.

ಊರು ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಮಾಂಟ್‌ಕಾಮ್. ಸುತ್ತ ಗುಡ್ಡ, ಗುಡ್ಡದ ಹೊಟ್ಟೆಯಲ್ಲಿ ಕಲ್ಲಿದ್ದಲು. ಹನ್ನೊಂದು ಮಕ್ಕಳಲ್ಲಿ ಹೇಜಲ್ ಎಂಟನೆಯವರು. ಅಪ್ಪ ಚರ್ಚಿನಲ್ಲಿ ಪ್ರವಚನ ಮಾಡ್ತಿದ್ರು, ಹೊಟ್ಟೆಪಾಡಿಗೆ ಗಣಿಗಳಿಗೆ ಮರದ ದಿಮ್ಮಿ ಸಾಗಿಸ್ತಿದ್ರು. ಅದು ಪ್ರಿಮಿಟಿವ್ ಬ್ಯಾಪ್ಟಿಸ್ಟ್ ಪಂಗಡದ ಚರ್ಚು. ಅಲ್ಲಿ ಪ್ರಾರ್ಥನೆಗೆ ಯಾವ ವಾದ್ಯವೂ ಇಲ್ಲ, ಬರೀ ಗಂಟಲು. ಹೇಜಲ್ ದನಿ ಕೇಳಿದ್ರೆ ಇದು ಗೊತ್ತಾಗುತ್ತೆ. ಪಾಲಿಶ್ ಇಲ್ಲ, ಸ್ವಲ್ಪ ಒರಟು, ಗುಡ್ಡದ ಆಚೆಗೆ ಕೂಗಿ ಹೇಳಿದ ಹಾಗೆ.

ಕಾಮರ್ಸ್ ಓದಿರೋ ನನಗೆ ಆ ಕಾಲದ ಗಣಿ ಊರುಗಳ ಲೆಕ್ಕ ನೋಡಿದಾಗ ತಲೆ ತಿರುಗಿತು. ಮನೆ ಕಂಪನಿದು, ಅಂಗಡಿ ಕಂಪನಿದು. ಎಷ್ಟೋ ಕಡೆ ಕೂಲಿ ಕೊಡ್ತಿದ್ದದ್ದು ಡಾಲರ್‌ನಲ್ಲಲ್ಲ, ಕಂಪನಿಯೇ ಅಚ್ಚು ಹಾಕಿದ ಟೋಕನ್‌ನಲ್ಲಿ. ಆ ಟೋಕನ್ ನಡೀತಿದ್ದದ್ದು ಕಂಪನಿ ಅಂಗಡಿಯಲ್ಲಿ. ಒಂದು ಕೈಯಲ್ಲಿ ಕೊಟ್ಟ ಸಂಬಳ ಇನ್ನೊಂದು ಕೈಗೆ ವಾಪಸ್.

1950ರ ದಶಕದ ಆರಂಭದಲ್ಲಿ ಹೇಜಲ್ ಬಾಲ್ಟಿಮೋರ್ ನಗರಕ್ಕೆ ಹೋದರು, ಫ್ಯಾಕ್ಟರಿ ಕೆಲಸ ಹಿಡಿದರು. ಗುಡ್ಡಗಾಡಿನಿಂದ ಸಾವಿರಾರು ಜನ ಹೀಗೇ ನಗರಗಳಿಗೆ ಹೋಗ್ತಿದ್ದ ಕಾಲ ಅದು. ಅಣ್ಣ ರಾಬರ್ಟ್‌ಗೆ ಕ್ಷಯ, ಆಸ್ಪತ್ರೆಯಲ್ಲಿದ್ರು. ಅದೇ ಆಸ್ಪತ್ರೆಯಲ್ಲಿ ಮೈಕ್ ಸೀಗರ್ ಅನ್ನೋ ಯುವಕ ಕೆಲಸ ಮಾಡ್ತಿದ್ದ. ಸೇನೆಗೆ ಸೇರಲ್ಲ ಅಂತ ಆತ್ಮಸಾಕ್ಷಿಯ ಕಾರಣ ಕೊಟ್ಟು, ಅದರ ಬದಲು ಈ ಕೆಲಸ. ಪ್ರಸಿದ್ಧ ಗಾಯಕ ಪೀಟ್ ಸೀಗರ್ ಅವರ ಮಲತಮ್ಮ ಇವನು. ಹಳೇ ಹಾಡು ಹುಡುಕೋ ಹುಚ್ಚು. ಈ ಪರಿಚಯದಿಂದಲೇ ಹೇಜಲ್ ಮನೆಯ ಜಗುಲಿ ದಾಟಿ ವೇದಿಕೆಗೆ ಬಂದರು.

ಆಮೇಲೆ ಆಲಿಸ್ ಜೆರಾರ್ಡ್ ಸಿಕ್ಕರು. ಕಾಲೇಜು ಓದಿದ ಆಲಿಸ್, ಫ್ಯಾಕ್ಟರಿಯ ಹೇಜಲ್. ಬ್ಲೂಗ್ರಾಸ್ ಅನ್ನೋದು ಕಂಟ್ರಿಯ ಒಂದು ಕವಲು, ಆಗ ಪೂರ್ತಿ ಗಂಡಸರ ಅಡ್ಡಾ. ಅಲ್ಲಿ ಇಬ್ಬರು ಹೆಂಗಸರು ಮುಂದೆ ನಿಂತು 1965ರಲ್ಲಿ ಫೋಕ್‌ವೇಸ್ ಕಂಪನಿಗೆ ಆಲ್ಬಂ ಮಾಡಿದರು. ಈ ಜೋಡಿ ಬೇರೆಯಾದದ್ದು 1976ರಲ್ಲಿ.

ಈಗ ಕಥೆಯ ಗಟ್ಟಿ ಭಾಗಕ್ಕೆ ಬರ್ತೀನಿ. 1968ರ ನವೆಂಬರ್ 20, ವೆಸ್ಟ್ ವರ್ಜೀನಿಯಾದ ಫಾರ್ಮಿಂಗ್ಟನ್. ಬೆಳಗಿನ ಜಾವ ಗಣಿ ಸ್ಫೋಟ. ಒಳಗಿದ್ದ 99 ಜನರಲ್ಲಿ ಹೊರಗೆ ಬಂದದ್ದು 21. ಬೆಂಕಿ ಆರಿಸೋಕೆ ಕೊನೆಗೆ ಗಣಿಯ ಬಾಯಿಯನ್ನೇ ಮುಚ್ಚಿಬಿಟ್ಟರು, ಒಳಗೆ 78 ಜನ ಇದ್ದ ಹಾಗೇ. 19 ದೇಹಗಳು ಸಿಗಲೇ ಇಲ್ಲ. ಹೇಜಲ್ ಇದರ ಮೇಲೆ ಹಾಡು ಕಟ್ಟಿದರು.

ಸ್ಫೋಟ ಆದ್ರೆ ಟಿವಿ ಕ್ಯಾಮೆರಾ ಬರುತ್ತೆ. ಧೂಳಿಗೆ ಯಾರೂ ಬರಲ್ಲ, ಅದು ವರ್ಷಗಟ್ಟಲೆ ತಗೊಳ್ಳುತ್ತೆ. ಹೇಜಲ್ ಅವರ ಅಣ್ಣ ಥರ್ಮನ್ ಸತ್ತದ್ದು ಹೀಗೆ. ಆ ಕಾಯಿಲೆಗೆ ಜನ ಇಟ್ಟ ಹೆಸರು ಬ್ಲ್ಯಾಕ್ ಲಂಗ್, ಹೇಜಲ್ ಬರೆದ ಹಾಡಿನ ಹೆಸರೂ ಅದೇ. ಅವರು ಚಳವಳಿಗೆ ಸೇರಿದರು ಅಂತ ಬರೆಯೋದು ನನಗೆ ಸರಿ ಅನ್ಸಲ್ಲ. ಚಳವಳಿಗೆ ಕಾರಣವಾದ ಕಾಯಿಲೆ ಅವರ ಮನೆಯಲ್ಲೇ ಇತ್ತು.

1969ರ ಫೆಬ್ರವರಿಯಲ್ಲಿ ವೆಸ್ಟ್ ವರ್ಜೀನಿಯಾದ ಸುಮಾರು 40 ಸಾವಿರ ಕಾರ್ಮಿಕರು ಕೆಲಸ ನಿಲ್ಲಿಸಿದರು. ಬ್ಲ್ಯಾಕ್ ಲಂಗ್‌ಗೆ ಪರಿಹಾರ ಕೊಡೋ ಕಾನೂನು ಬೇಕು ಅಂತ. ರಾಜ್ಯ ಬಗ್ಗಿತು. ವರ್ಷದ ಕೊನೆಗೆ ಇಡೀ ದೇಶಕ್ಕೆ ಗಣಿ ಸುರಕ್ಷತಾ ಕಾನೂನು ಬಂತು, ಗಾಳಿಯಲ್ಲಿ ಧೂಳು ಎಷ್ಟು ಇರಬಹುದು ಅಂತ ಮೊದಲ ಸಲ ಮಿತಿ ಹಾಕಿದರು. ಹಾಡಿನಿಂದ ಕಾನೂನು ಬಂತಾ? ಇಲ್ಲ. ಕೆಲಸ ನಿಲ್ಲಿಸಿದ್ದಕ್ಕೆ ಬಂತು. ಆದ್ರೆ ಸಭೆಗಳಲ್ಲಿ, ಮುಷ್ಕರದ ಸಾಲಿನಲ್ಲಿ ನಿಂತವರಿಗೆ ತಮ್ಮದೇ ಮಾತು ಹಾಡಾಗಿ ಕೇಳಿಸೋದು ಸಣ್ಣ ವಿಷಯ ಅಲ್ಲ.

ಹೇಜಲ್ ಕಂಪನಿಗಳನ್ನ ಮಾತ್ರ ಬೈದು ಸುಮ್ಮನಾಗಲಿಲ್ಲ, ನನಗೆ ಇಷ್ಟವಾದದ್ದು ಇದೇ. ಗಣಿ ಕಾರ್ಮಿಕರ ಯೂನಿಯನ್ನಿನ ಅಧ್ಯಕ್ಷ ಟೋನಿ ಬಾಯ್ಲ್ ವಿರುದ್ಧ ಜಾಕ್ ಯಾಬ್ಲಾನ್ಸ್ಕಿ ಅನ್ನೋರು ಚುನಾವಣೆಗೆ ನಿಂತು ಸೋತಿದ್ರು. 1969ರ ಡಿಸೆಂಬರ್ 31ರಂದು ಅವರನ್ನ, ಹೆಂಡತಿಯನ್ನ, ಮಗಳನ್ನ ಮನೆಯಲ್ಲೇ ಗುಂಡಿಟ್ಟು ಕೊಂದರು. ಕೊಲೆ ಮಾಡಿಸಿದ್ದು ಬಾಯ್ಲ್ ಅಂತ 1974ರಲ್ಲಿ ಕೋರ್ಟಿನಲ್ಲಿ ಸಾಬೀತಾಯ್ತು. ಈ ಕೊಲೆಯ ಮೇಲೂ ಹೇಜಲ್ ಹಾಡು ಇದೆ.

ಬಾರ್ಬರಾ ಕಾಪಲ್ ಅವರ 'ಹಾರ್ಲನ್ ಕೌಂಟಿ ಯುಎಸ್ಎ' ಡಾಕ್ಯುಮೆಂಟರಿ ಸಿಕ್ಕಿದ್ರೆ ನೋಡಿ. ಕೆಂಟಕಿಯ ಬ್ರೂಕ್‌ಸೈಡ್ ಗಣಿಯ ಮುಷ್ಕರದ ಕಥೆ, ಹೆಂಗಸರು ಬೆಳಗಿನ ಕತ್ತಲಲ್ಲಿ ಕೋಲು ಹಿಡಿದು ರಸ್ತೆಗೆ ಅಡ್ಡ ನಿಲ್ತಾರೆ. 1977ರಲ್ಲಿ ಆಸ್ಕರ್ ಬಂತು. ಹೇಜಲ್ ಹಾಡುಗಳನ್ನ ಹೆಚ್ಚು ಜನ ಕೇಳಿದ್ದು ಅದರಿಂದಲೇ. 1987ರ 'ಮೇಟ್‌ವಾನ್' ಸಿನಿಮಾದಲ್ಲಿ ಅವರೇ ಕಾಣಿಸ್ತಾರೆ, ಸಮಾಧಿ ಮುಂದೆ ಹಾಡ್ತಾ.

ದುಡ್ಡು? ಬರಲಿಲ್ಲ ಅಂತಲೇ ಹೇಳ್ಬೇಕು. ಹೆಸರು ಬಂದ ಮೇಲೂ ವಾಷಿಂಗ್ಟನ್‌ನಲ್ಲಿ ಅಂಗಡಿ ಕೆಲಸ ಮಾಡ್ತಿದ್ರು. ಮೊದಲ ಸೋಲೋ ಆಲ್ಬಂ ಬಂದದ್ದು 1980ರಲ್ಲಿ. 2001ರಲ್ಲಿ ಸರ್ಕಾರದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಕೊಟ್ಟರು. 2011ರ ಏಪ್ರಿಲ್ 22ರಂದು ತೀರಿಕೊಂಡರು.

ಕಾಯಿಲೆ ಮಾತ್ರ ಹೋಗಿಲ್ಲ. 2013ರಿಂದ 2017ರ ನಡುವೆ ಪಕ್ಕದ ವರ್ಜೀನಿಯಾ ರಾಜ್ಯದ ಮೂರೇ ಕ್ಲಿನಿಕ್‌ಗಳಲ್ಲಿ 416 ಜನರಿಗೆ ಬ್ಲ್ಯಾಕ್ ಲಂಗ್‌ನ ಅತಿ ತೀವ್ರ ರೂಪ ಪತ್ತೆಯಾಯ್ತು. ದಪ್ಪ ಪದರದ ಕಲ್ಲಿದ್ದಲು ಖಾಲಿಯಾಗ್ತಿದೆ, ತೆಳು ಪದರ ತೆಗೆಯೋಕೆ ಬಂಡೆಯನ್ನೂ ಕೊರೀತಾರೆ, ಸಿಲಿಕಾ ಧೂಳು ಏಳುತ್ತೆ. ನಮ್ಮ ಕೆಜಿಎಫ್‌ನ ಚಿನ್ನದ ಗಣಿಯಲ್ಲಿ ಎಷ್ಟೋ ಮನೆಗಳ ಗಂಡಸರನ್ನ ತಿಂದದ್ದೂ ಇದೇ ಸಿಲಿಕಾ.