ಫಿಕ್ಸೆಡ್ ಗಾಲಿಯ ಪೂರ್ವೋತ್ತರ

ಇಳಿಜಾರು ಬಂದೊಡನೆ ಪೆಡಲಿನ ಮೇಲಣ ಕಾಲನ್ನು ನಿಶ್ಚಲವಾಗಿರಿಸಿ, ಹಿಂದಿನ ಗಾಲಿಯೊಳಗಿನಿಂದ ಹೊರಡುವ ಟಿಕ್ಕುಟಿಕ್ಕೆಂಬ ಸದ್ದನ್ನು ಕೇಳುತ್ತ ಸುಮ್ಮನೆ ಕುಳಿತುಬಿಡುವ ಸುಖವನ್ನು ಸೈಕಲ್ಲು ಹತ್ತಿದವರೆಲ್ಲರೂ ಬಲ್ಲರು. ಆ ಸುಖ ಸೈಕಲ್ಲಿನೊಡನೆಯೇ ಹುಟ್ಟಿತೆಂದು ನಾವು ಭಾವಿಸಿಕೊಂಡಿರುವುದು ಸಹಜವಾದರೂ ವಸ್ತುಸ್ಥಿತಿ ಬೇರೆ. ಫ್ರೀವೀಲೆಂಬ ಪುಟ್ಟ ಸಾಧನ ಜನಸಾಮಾನ್ಯರ ಸೈಕಲ್ಲಿಗೆ ಬಂದು ಸೇರಿದ್ದು ಹತ್ತೊಂಬತ್ತನೆಯ ಶತಮಾನ ಮುಗಿಯುತ್ತ ಬಂದಾಗ. ಅದಕ್ಕೆ ಹಿಂದಣ ಸುಮಾರು ಮೂರು ದಶಕಗಳ ಕಾಲ, ಗಾಲಿ ಉರುಳುವಷ್ಟು ಹೊತ್ತೂ ಪೆಡಲುಗಳು ಅದರೊಡನೆ ಸುತ್ತುತ್ತಲೇ ಇರುತ್ತಿದ್ದವು. ಇಂದು ಫಿಕ್ಸೆಡ್ ಗೇರ್ ಎಂದು ಕರೆಯಿಸಿಕೊಳ್ಳುವ ಆ ಹಳೆಯ ವಂಶ ಫ್ರೀವೀಲು ಬಂದಮೇಲೂ ಅಳಿಯದೆ ಉಳಿಯಿತು. ಅದನ್ನು ಉಳಿಸಿಕೊಂಡು ಬಂದವರು, ಫ್ರೇಮನ್ನು ಒಂದು ಕಡೆಯಿಂದಲೂ ಹಬ್ಬನ್ನು ಮತ್ತೊಂದು ಕಡೆಯಿಂದಲೂ ತಂದು, ತಮ್ಮ ಗಾಡಿಯನ್ನು ತಮ್ಮ ಕೈಯಾರೆ ಜೋಡಿಸಿಕೊಂಡ ಸವಾರರು. ಹೀಗೆ ಬಿಡಿಭಾಗಗಳಿಂದ ಸೈಕಲ್ಲು ಕಟ್ಟಿಕೊಳ್ಳುವ ಪದ್ಧತಿ ಇಲ್ಲದೆ ಹೋಗಿದ್ದರೆ ಆ ಗಾಲಿ ಇಷ್ಟು ದೀರ್ಘಕಾಲ ಬಾಳುತ್ತಿರಲಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಪ್ರಚಾರಕ್ಕೆ ಬಂದ ವೆಲಾಸಿಪೀಡಿನಲ್ಲಿ ಪೆಡಲುಗಳು ಮುಂದಿನ ಗಾಲಿಯ ಅಚ್ಚಿಗೇ ಕಚ್ಚಿಕೊಂಡಿದ್ದವು. ನಡುವೆ ಸರಪಳಿಯಾಗಲಿ ಹಲ್ಲುಚಕ್ರವಾಗಲಿ ಇರಲಿಲ್ಲ. ಒಂದು ಸುತ್ತು ತುಳಿದರೆ ಗಾಲಿಯ ಒಂದು ಸುತ್ತಿನಷ್ಟೇ ದಾರಿ ಸಾಗುತ್ತಿದ್ದುದರಿಂದ, ವೇಗವನ್ನು ಬಯಸಿದವರು ಆ ಗಾಲಿಯನ್ನು ತಮ್ಮ ಕಾಲಿನ ಉದ್ದ ಎಟುಕುವಷ್ಟರ ಮಟ್ಟಿಗೂ ದೊಡ್ಡದು ಮಾಡುತ್ತ ಹೋಗಿ, ಹಿಂದೆ ಪುಟ್ಟ ಗಾಲಿಯೊಂದನ್ನು ಆಧಾರಕ್ಕಿಟ್ಟು, ಚಿತ್ರಗಳಲ್ಲಿ ನಾವು ಕಾಣುವ ಆ ಎತ್ತರದ ಸೈಕಲ್ಲನ್ನು ನಿರ್ಮಿಸಿಕೊಂಡರು. ಅದನ್ನೇರಿ ಇಳಿಜಾರಿಗೆ ಬಂದವರು, ಹುಚ್ಚೆದ್ದು ತಿರುಗುವ ಪೆಡಲುಗಳನ್ನು ಬಿಟ್ಟು ಎರಡು ಕಾಲುಗಳನ್ನೂ ಹ್ಯಾಂಡಲಿನ ಮೇಲಕ್ಕೆ ಚಾಚಿಕೊಳ್ಳುತ್ತಿದ್ದರು. ಬಿದ್ದರೆ ತಲೆಗೆ ಬದಲು ಕಾಲು ಮೊದಲು ನೆಲ ಮುಟ್ಟಲೆಂಬ ಎಚ್ಚರಿಕೆಯೂ ಅದರಲ್ಲಿತ್ತು. ಅಮೆರಿಕದ ವಿಲಿಯಂ ವ್ಯಾನ್ ಆಂಡೆನ್ 1869ರಷ್ಟು ಹಿಂದೆಯೇ ಫ್ರೀವೀಲಿನಂಥದೊಂದು ಯುಕ್ತಿಗೆ ಪೇಟೆಂಟು ಪಡೆದಿದ್ದನಾದರೂ ಅದು ಬಳಕೆಗೆ ಬರಲಿಲ್ಲ. 1880ರಲ್ಲಿ ಮ್ಯಾಂಚೆಸ್ಟರಿನ ಹಾನ್ಸ್ ರೆನಾಲ್ಡ್ ಉರುಳೆಗಳುಳ್ಳ ಸರಪಳಿಯನ್ನು ರೂಪಿಸಿದ. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ, ಹೆಚ್ಚುಕಡಮೆ ಸಮನಾದ ಎರಡು ಗಾಲಿಗಳ ನಡುವೆ ಸವಾರನನ್ನು ಕೂರಿಸಿ, ಸರಪಳಿಯ ಮೂಲಕ ಹಿಂದಿನ ಗಾಲಿಯನ್ನು ನಡೆಯಿಸುವ ರೋವರ್ ಎಂಬ ಸೈಕಲ್ಲನ್ನು ಹೊರತಂದ. ನಮ್ಮ ಇಂದಿನ ಸೈಕಲ್ಲುಗಳೆಲ್ಲವೂ ಅದರ ಸಂತತಿ. ಆದರೆ ಅದರ ಗಾಲಿಯೂ ಸ್ಥಿರಗಾಲಿಯೇ. ಇಳಿಜಾರಿನಲ್ಲಿ ಪಾದವನ್ನು ಪೆಡಲಿನಿಂದೆತ್ತಿ ಇಡುವುದಕ್ಕೆಂದು ಆ ಕಾಲದ ಸೈಕಲ್ಲುಗಳ ಮುಂದಿನ ಫೋರ್ಕಿನ ಎರಡು ಪಕ್ಕದಲ್ಲಿಯೂ ಗೂಟಗಳನ್ನು ಅಳವಡಿಸುತ್ತಿದ್ದರು.

ಇಲ್ಲಿ ಸ್ವಲ್ಪ ಹೊತ್ತು ನಿಂತು ಬಂದೂಕಿನ ವಿಚಾರವನ್ನು ಹೇಳಬೇಕಾಗಿದೆ. 1861ರಲ್ಲಿ ಬರ್ಮಿಂಗ್‌ಹ್ಯಾಮಿನ ಬಂದೂಕು ತಯಾರಕರು ಒಂದುಗೂಡಿ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಅಲ್ಲಿಯವರೆಗೆ ಒಬ್ಬೊಬ್ಬ ಕಮ್ಮಾರನೂ ತನ್ನ ಅರದಿಂದ ಉಜ್ಜಿ ಉಜ್ಜಿ ಹೊಂದಿಸುತ್ತಿದ್ದ ಭಾಗಗಳನ್ನು ಯಂತ್ರದಿಂದ ಒಂದೇ ಅಳತೆಗೆ ಕಡೆದು, ಒಂದು ಕೋವಿಯ ಭಾಗ ಮತ್ತೊಂದಕ್ಕೂ ತೊಡಕಿಲ್ಲದೆ ಕೂರುವಂತೆ ಮಾಡುವುದು ಅವರ ಉದ್ದೇಶವಾಗಿತ್ತು. ಸೇನೆಯ ಬೇಡಿಕೆ ಕುಗ್ಗಿದಾಗ ಆ ಯಂತ್ರಗಳೂ ಆ ನಿಖರತೆಯೂ ಸೈಕಲ್ಲಿನ ಕಡೆಗೆ ತಿರುಗಿದವು. ಕಂಪನಿ ಸೈಕಲ್ಲಿನ ಬಿಡಿಭಾಗಗಳನ್ನು, ಅಂದರೆ ಹಬ್ಬು, ಬಟ್ಟಲು, ಅಚ್ಚು, ಫ್ರೇಮಿನ ಕೊಳವೆಗಳನ್ನು ಕೂಡಿಸುವ ಸಂದುತುಂಡು ಮುಂತಾದುವನ್ನು ಮಾಡಿ ಮಾರತೊಡಗಲು, ಇಂಗ್ಲೆಂಡಿನ ಸಣ್ಣ ಸಣ್ಣ ಊರುಗಳ ಸೈಕಲ್ ಕುಶಲಕರ್ಮಿಗಳು ಅವನ್ನು ತರಿಸಿಕೊಂಡು ತಂತಮ್ಮ ಅಂಗಡಿಯಲ್ಲಿ ಗಾಡಿ ಕಟ್ಟಿ, ಬಿ.ಎಸ್.ಎ. ಭಾಗಗಳಿಂದ ಕಟ್ಟಿದ್ದು ಎಂಬುದನ್ನೇ ಪ್ರಶಸ್ತಿಯಂತೆ ಹೇಳಿಕೊಳ್ಳುತ್ತಿದ್ದರು. ಕ್ರ್ಯಾಂಕಿನ ಅಚ್ಚು ಕೂರುವ ಬಟ್ಟಲಿಗೆ 1.37 ಅಂಗುಲದ ವ್ಯಾಸ, ಅಂಗುಲವೊಂದಕ್ಕೆ 24 ಥ್ರೆಡ್ಡು ಎಂಬ ಅಳತೆ ಹೀಗೆ ಊರೂರಿಗೆ ಹಬ್ಬಿ, ಕ್ರಮೇಣ ಪ್ರಪಂಚದ ಬಹುಭಾಗದ ಒಡಂಬಡಿಕೆಯಾಯಿತು. 1949ರಲ್ಲಿ ಸ್ಥಾಪಿತವಾದ ಮದರಾಸಿನ ಟಿ.ಐ. ಕಾರ್ಖಾನೆಯಿಂದ ಹೊರಟು, ನಮ್ಮ ಊರುಗಳ ಬೀದಿಗಳಲ್ಲಿ ಓಡಾಡಿದ ಬಿ.ಎಸ್.ಎ. ಸೈಕಲ್ಲಿನ ಹೆಸರಿನ ಮೂಲ ಆ ಬಂದೂಕಿನ ಕಂಪನಿಯೇ. ಸೈಕಲ್ ಷಾಪಿನವನು ಗಾಡಿಯನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಬಾಲ್ಸುಗಳನ್ನು ಸೀಮೆಎಣ್ಣೆಯ ತಟ್ಟೆಗೆ ಸುರುವಿ, ಸವೆದ ಕೋನಿಗೆ ಬದಲಾಗಿ ಡಬ್ಬಿಯಿಂದ ಮತ್ತೊಂದನ್ನು ಆರಿಸಿ ನಿಶ್ಚಿಂತೆಯಿಂದ ತಿರುಗಿಸಿ ಕೂರಿಸುವುದನ್ನು ಕಂಡವರು, ಆ ನಿಶ್ಚಿಂತೆಯ ಹಿಂದೆ ಎಷ್ಟು ಮಂದಿಯ ಶ್ರಮವಿದೆಯೆಂಬುದನ್ನು ನೆನೆಯಬೇಕು.

ಫಿಕ್ಸೆಡ್ ಗಾಲಿಯ ಹಬ್ಬು ಈ ಒಡಂಬಡಿಕೆಯ ಸೊಗಸಾದ ಉದಾಹರಣೆ. ಅದರ ಬಲಮಗ್ಗುಲಲ್ಲಿ ಮೆಟ್ಟಿಲಿನಂತೆ ಎರಡು ಸುತ್ತುಗಳುಂಟು. ಒಳಗಿನ ದೊಡ್ಡ ಸುತ್ತಿನ ಮೇಲೆ ಹಲ್ಲುಚಕ್ರ ಬಲಕ್ಕೆ ತಿರುಗಿ ಬಿಗಿಯುತ್ತದೆ. ಹೊರಗಿನ ಕಿರಿಯ ಸುತ್ತಿನ ಮೇಲೆ ಬೀಗದ ಬಳೆ ಎಡಕ್ಕೆ ತಿರುಗಿ ಬಿಗಿಯುತ್ತದೆ. ಸವಾರ ಮುಂದಕ್ಕೆ ತುಳಿದಾಗ ಚಕ್ರ ತಾನಾಗಿಯೇ ಮತ್ತಷ್ಟು ಬಿಗಿಯಾಗುವುದು. ವೇಗವನ್ನು ತಡೆಯುವುದಕ್ಕೆಂದು ಅವನು ಹಿಂದಕ್ಕೆ ಒತ್ತಿದಾಗ ಚಕ್ರ ಸಡಿಲಲು ಹವಣಿಸಿ ಬಳೆಯನ್ನು ತನ್ನೊಡನೆ ಎಳೆಯುತ್ತದೆ, ಆ ಎಳೆತವೇ ಬಳೆಯನ್ನು ಬಿಗಿಮಾಡುತ್ತದೆ. ಹಲ್ಲುಚಕ್ರದ ಥ್ರೆಡ್ಡೂ ಕ್ರ್ಯಾಂಕಿನ ಬಟ್ಟಲಿನ ಥ್ರೆಡ್ಡೂ ಒಂದೇ ಅಳತೆಯವಾಗಿರುವುದರಿಂದ, ಕೈಯಲ್ಲಿ ಹಣವಿಲ್ಲದ ಉತ್ಸಾಹಿಗಳು ಸಾಮಾನ್ಯ ಫ್ರೀವೀಲಿನ ಹಬ್ಬಿನ ಮೇಲೆ ಸ್ಥಿರಚಕ್ರವನ್ನು ತಿರುಗಿಸಿ, ಹಳೆಯ ಬಟ್ಟಲಿನ ಬಳೆಯನ್ನು ಅದರ ಮೇಲೆ ಬಿಗಿದು ಕೆಲಸ ಸಾಗಿಸಿದ್ದುಂಟು. ಎರಡೂ ಬಲಕ್ಕೇ ತಿರುಗುವ ಆ ಜೋಡಣೆಯಲ್ಲಿ ಹಿಂದೊತ್ತಿದಾಗ ಎರಡೂ ಒಟ್ಟಿಗೆ ಕಳಚಿಬರುವ ಅಪಾಯವಿರುವುದರಿಂದ, ಬ್ರೇಕಿಲ್ಲದೆ ಅಂಥ ಗಾಡಿಯನ್ನು ಹತ್ತತಕ್ಕುದಲ್ಲ.

1900ರ ಆಸುಪಾಸಿನಲ್ಲಿ ಫ್ರೀವೀಲು ಎಲ್ಲೆಡೆ ಹರಡಿತು. ಆಮೇಲೂ ಕೆಲವು ದಶಕಗಳ ಕಾಲ ರಸ್ತೆಯ ಪಂದ್ಯಗಳಲ್ಲಿ, ಹಿಂದಿನ ಗಾಲಿಯ ಎರಡು ಮಗ್ಗುಲಿಗೂ ಬೇರೆ ಬೇರೆ ಹಲ್ಲಿನ ಚಕ್ರಗಳನ್ನು ಕೂರಿಸಿಕೊಂಡು, ಬೆಟ್ಟದ ಬುಡಕ್ಕೆ ಬಂದಾಗ ಇಳಿದು ಗಾಲಿಯನ್ನು ತಿರುಗಿಸಿ ಹಾಕಿಕೊಳ್ಳುವ ರೂಢಿಯಿತ್ತು. 1927ರಲ್ಲಿ ಇಟಲಿಯ ಕ್ರೋಚೆ ದಾವುನೆ ಕಣಿವೆದಾರಿಯಲ್ಲಿ, ಮಂಜಿನಿಂದ ಮರಗಟ್ಟಿದ ಬೆರಳಿಗೆ ಗಾಲಿಯ ನಟ್ಟು ಜಗ್ಗದೆ ಹೋದಾಗ ತುಲಿಯೊ ಕಂಪಾನ್ಯೋಲೊ ಎಂಬ ಸವಾರನಿಗೆ ಸನ್ನೆಕೋಲಿನಿಂದ ಬಿಚ್ಚುವ ಅಚ್ಚಿನ ಕಲ್ಪನೆ ಹೊಳೆಯಿತೆಂದು ಹೇಳುತ್ತಾರೆ. ಟೂರ್ ದ ಫ್ರಾನ್ಸ್ ಪಂದ್ಯದ ಸ್ಥಾಪಕ ಆನ್ರಿ ದೆಗ್ರಾಂಜ್ ಗೇರು ಬದಲಿಸುವ ಸಾಧನಗಳನ್ನು ಬಹುಕಾಲ ವಿರೋಧಿಸಿದ. 1937ರಲ್ಲಿ ಅವಕ್ಕೆ ಅಲ್ಲಿ ಪ್ರವೇಶ ದೊರೆಯಿತು. ಯೂರೋಪಿನ ರಸ್ತೆಯ ಪಂದ್ಯದಲ್ಲಿ ಸ್ಥಿರಗಾಲಿಯ ಕಾಲ ಅಲ್ಲಿಗೆ ತೀರಿತು.

ಇಂಗ್ಲೆಂಡಿನಲ್ಲಿ ಮಾತ್ರ ಅದು ತೀರಲಿಲ್ಲ. ಪೊಲೀಸರ ಅಸಮಾಧಾನಕ್ಕೆ ಹೆದರಿದ ಅಲ್ಲಿಯ ಸೈಕಲ್ ಸಂಘದವರು ರಸ್ತೆಯಲ್ಲಿ ಗುಂಪಾಗಿ ಪಂದ್ಯ ನಡೆಯಿಸುವುದನ್ನು ನಿಷೇಧಿಸಿದ್ದರಿಂದ, ಎಫ್. ಟಿ. ಬಿಡ್ಲೇಕ್ ಮೊದಲಾದವರು ಗಡಿಯಾರದೊಡನೆ ಒಬ್ಬೊಬ್ಬರೇ ಸೆಣಸುವ ಪದ್ಧತಿಯನ್ನು ಬಳಕೆಗೆ ತಂದರು. ಬೆಳಕು ಹರಿಯುವ ಹೊತ್ತಿಗೆ ಪಂದ್ಯ; ಕತ್ತಿನಿಂದ ಹಿಮ್ಮಡಿಯವರೆಗೆ ಕಪ್ಪು ಉಡುಪು; ದಾರಿಯ ಹೆಸರು ಹೇಳದೆ ಗೂಢಾಕ್ಷರ; ಪ್ರಕಟಣೆಯ ಮೇಲೆ ಗೋಪ್ಯವೆಂಬ ಮುದ್ರೆ. ಇಂಥ ಪಂದ್ಯಕ್ಕೆ ಬರುತ್ತಿದ್ದವರು ವಾರವೆಲ್ಲ ಕಾರ್ಖಾನೆಯಲ್ಲೋ ಕಚೇರಿಯಲ್ಲೋ ದುಡಿಯುವ ಯುವಕ ಯುವತಿಯರು. ಅವರಲ್ಲಿ ಬಹುಮಂದಿಗೆ ಇದ್ದದ್ದು ಸ್ಥಿರಗಾಲಿಯ ಒಂದೇ ಸೈಕಲ್ಲು. ಕೆಲಸಕ್ಕೆ ಹೋಗುವುದೂ ಅದರ ಮೇಲೆಯೇ, ಭಾನುವಾರ ಸ್ಪರ್ಧಿಸುವುದೂ ಅದರ ಮೇಲೆಯೇ. ಪಂದ್ಯದ ಹಗುರವಾದ ಗಾಲಿಗಳೆರಡನ್ನು ಮುಂದಿನ ಅಚ್ಚಿಗೆ ತಗುಲಿಸಿದ ಕೊಂಡಿಗಳಲ್ಲಿ ಎರಡು ಪಕ್ಕಕ್ಕೂ ನಿಲ್ಲಿಸಿ ಕಟ್ಟಿ, ಸೀಟಿನ ಹಿಂದಿನ ಚೀಲದಲ್ಲಿ ಊಟ ಉಪಕರಣಗಳನ್ನು ತುಂಬಿಕೊಂಡು, ಹತ್ತಾರು ಮೈಲಿ ತುಳಿದು ಸ್ಥಳಕ್ಕೆ ಬಂದು, ಮಡ್‌ಗಾರ್ಡು ಕಳಚಿ, ಗಾಲಿ ಬದಲಾಯಿಸಿ, ಪಂದ್ಯ ಮುಗಿಸಿ, ಮತ್ತೆ ಎಲ್ಲವನ್ನೂ ಜೋಡಿಸಿಕೊಂಡು ಮನೆಗೆ ಹಿಂದಿರುಗುತ್ತಿದ್ದರು. ನಿಂತ ಗಾಡಿಯೊಂದರ ಮುಂದಿನ ಗಾಲಿಯ ಇಕ್ಕೆಲದಲ್ಲಿಯೂ ಕಿವಿಗಳಂತೆ ಎದ್ದಿರುವ ಆ ಹೆಚ್ಚಿನ ಗಾಲಿಗಳ ಹಳೆಯ ಛಾಯಾಚಿತ್ರಗಳನ್ನು ನೋಡಿದಾಗಲೆಲ್ಲ ನನ್ನ ಮನಸ್ಸು ಆ ಜನರ ಕಡೆಗೆ ಗೌರವದಿಂದ ಬಾಗುತ್ತದೆ.

ಅವರ ಗಾಡಿಗಳು ಒಂದೊಂದಾಗಿ ಕೂಡಿಬಂದವು. ಕ್ಲಾಡ್ ಬಟ್ಲರ್, ಹೆಟ್ಚಿನ್ಸ್ ಮೊದಲಾದ ಕುಶಲಿಗಳಿಂದ ಅಳತೆ ಕೊಟ್ಟು ಮಾಡಿಸಿದ ಫ್ರೇಮು, 1935ರಲ್ಲಿ ಬಂದ ರೆನಾಲ್ಡ್ಸ್ 531 ಎಂಬ ಉಕ್ಕಿನ ಕೊಳವೆ, ಚೇಟರ್ ಲೀ ಕ್ರ್ಯಾಂಕು, ಬ್ರೂಕ್ಸ್ ಚರ್ಮದ ಸೀಟು: ಒಂದು ತಿಂಗಳ ಉಳಿತಾಯಕ್ಕೆ ಒಂದು ಭಾಗ. ಚಳಿಗಾಲಕ್ಕೆಂದು ಹಳೆಯ ಫ್ರೇಮಿಗೆ ಮಿಕ್ಕ ಭಾಗಗಳನ್ನು ಸೇರಿಸಿ ಸ್ಥಿರಗಾಲಿಯ ಗಾಡಿಯೊಂದನ್ನು ಕಟ್ಟಿಕೊಳ್ಳುವುದೂ ಕ್ಲಬ್ಬಿನವರ ವಾಡಿಕೆಯಾಗಿತ್ತು. ಕೆಸರು ತುಂಬಿದರೂ ಕೆಡುವಂಥ ಸೂಕ್ಷ್ಮ ಭಾಗಗಳು ಅದರಲ್ಲಿರಲಿಲ್ಲ, ಬಿಡುವಿಲ್ಲದೆ ಸುತ್ತುವ ಕಾಲು ವಸಂತದ ಪಂದ್ಯಕ್ಕೆ ಹದಗೊಳ್ಳುತ್ತಿತ್ತು. ಅವರು ಗೇರನ್ನು ಅಳೆಯುತ್ತಿದ್ದ ಬಗೆಯಲ್ಲಿ ಪೂರ್ವಿಕರ ಸ್ಮರಣೆಯೂ ಉಂಟು. ಮುಂದಿನ ಚಕ್ರದ ಹಲ್ಲುಗಳನ್ನು ಹಿಂದಿನದರ ಹಲ್ಲುಗಳಿಂದ ಭಾಗಿಸಿ, ಗಾಲಿಯ ವ್ಯಾಸವಾದ 27 ಅಂಗುಲದಿಂದ ಗುಣಿಸಬೇಕು. 48 ಹಲ್ಲು ಮುಂದೆ, 16 ಹಲ್ಲು ಹಿಂದೆ ಇದ್ದರೆ ಗೇರು 81 ಅಂಗುಲ. ಅಂದರೆ 81 ಅಂಗುಲ ವ್ಯಾಸದ ಎತ್ತರದ ಗಾಲಿಯನ್ನು ನೇರವಾಗಿ ತುಳಿದಂತೆ. 1956ರ ಆಗಸ್ಟಿನಲ್ಲಿ ರೇ ಬೂಟಿ ಎಂಬಾತ 84 ಅಂಗುಲದ ಒಂದೇ ಸ್ಥಿರಗೇರಿನಲ್ಲಿ 100 ಮೈಲಿಗಳನ್ನು 3 ಗಂಟೆ 58 ನಿಮಿಷ 28 ಸೆಕೆಂಡುಗಳಲ್ಲಿ ಕ್ರಮಿಸಿ, ಆ ಬಗೆಯ ಪಂದ್ಯದಲ್ಲಿ ನಾಲ್ಕು ಗಂಟೆಯ ಗಡಿಯನ್ನು ಮೊದಲು ದಾಟಿದವನೆನಿಸಿದನು.

ಜಪಾನಿನ ಕತೆಗೆ ಹಿನ್ನೆಲೆ ಯುದ್ಧದ ಬೂದಿ. ನಗರಗಳ ಪುನರ್ನಿರ್ಮಾಣಕ್ಕೆ ಹಣ ಬೇಕಾದಾಗ, ಪಣ ಕಟ್ಟಿ ನೋಡುವ ಸೈಕಲ್ ಓಟಕ್ಕೆ ಸರ್ಕಾರ ಕಾನೂನಿನ ಸಮ್ಮತಿ ನೀಡಿತು. ಕೇರಿನ್ ಎಂಬ ಆ ಓಟ 1948ರ ನವೆಂಬರಿನಲ್ಲಿ ಕೊಕುರಾ ನಗರದಲ್ಲಿ ಮೊದಲ ಸಲ ನಡೆಯಿತು. ಜನ ತಮ್ಮ ದುಡ್ಡನ್ನು ಸವಾರನ ಮೇಲೆ ಕಟ್ಟುವುದರಿಂದ ಗೆಲುವು ಅವನ ಕಾಲಿನಿಂದಲೇ ಬರಬೇಕು, ಯಂತ್ರದ ವಿಶೇಷದಿಂದ ಬರಬಾರದು ಎಂಬ ನ್ಯಾಯದಿಂದ, ಉಕ್ಕಿನ ಫ್ರೇಮು, ಬ್ರೇಕಿಲ್ಲದ ಸ್ಥಿರಗಾಲಿ, ಓಟದ ಆಡಳಿತ ಸಂಸ್ಥೆಯ ಎನ್.ಜೆ.ಎಸ್. ಎಂಬ ಮುದ್ರೆ ಪಡೆದ ಭಾಗ ಇವಲ್ಲದೆ ಬೇರೆಯದು ಕೂಡದೆಂದು ಕಟ್ಟುನಿಟ್ಟಾಯಿತು. ನಿಟ್ಟೊ ಹ್ಯಾಂಡಲು, ಸುಗಿನೊ ಕ್ರ್ಯಾಂಕು, ಶಿಮಾನೊ ಹಬ್ಬು ಹೀಗೆ ಬೇರೆ ಬೇರೆ ಮನೆಗಳ ಮುದ್ರಿತ ಭಾಗಗಳನ್ನು ಸವಾರ ತಾನೇ ಆಯ್ದು ಜೋಡಿಸಿಕೊಳ್ಳುತ್ತಾನೆ. ಗಾಡಿಯನ್ನು ಬಿಚ್ಚಿ ಚೀಲದಲ್ಲಿ ತುಂಬಿ ಊರಿಂದೂರಿಗೆ ಒಯ್ಯುತ್ತಾನೆ. ತಲುಪಿದಲ್ಲಿ ಮತ್ತೆ ಕಟ್ಟಿ ತಪಾಸಣೆಗೆ ಒಪ್ಪಿಸುತ್ತಾನೆ. 1977ರಿಂದ 1986ರವರೆಗೆ ಸತತವಾಗಿ ಹತ್ತು ಬಾರಿ ವೃತ್ತಿಪರ ಸ್ಪ್ರಿಂಟಿನ ವಿಶ್ವಪದವಿ ಗಳಿಸಿದ ಕೊಯಿಚಿ ನಕಾನೊ ಏರಿದ್ದು, ಇಟಲಿಯಲ್ಲಿ ಪೊಲ್ಯಾಗಿ ಮತ್ತು ದೆ ರೋಸಾ ಎಂಬ ಕುಶಲಿಗಳ ಬಳಿ ಕೆಲಸ ಕಲಿತು ಬಂದ ಯೊಶಿಯಾಕಿ ನಗಸಾವಾ ಬೆಸೆದ ಫ್ರೇಮುಗಳನ್ನು. 2000ದಲ್ಲಿ ಕೇರಿನ್ ಒಲಿಂಪಿಕ್ಸಿಗೂ ಬಂದಿತು. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ಹೊರಟ ಸವಾರರು ಟ್ರ್ಯಾಕಿನ ಪಂದ್ಯಗಳಲ್ಲಿ ತುಳಿಯುವುದೂ ಇದೇ ಬಗೆಯ ಗಾಲಿಯನ್ನು.

ಟ್ರ್ಯಾಕಿನಿಂದ ಬೀದಿಗೆ ಅದು ಇಳಿದದ್ದು ಮುಖ್ಯವಾಗಿ ನ್ಯೂಯಾರ್ಕಿನಲ್ಲಿ. ಕಚೇರಿಯಿಂದ ಕಚೇರಿಗೆ ಲಕೋಟೆ ಮುಟ್ಟಿಸುವ ಸೈಕಲ್ ದೂತರಲ್ಲಿ, ಟ್ರ್ಯಾಕ್ ಓಟದ ಅಭಿರುಚಿಯುಳ್ಳ ಕೆರಿಬಿಯನ್ ದ್ವೀಪಗಳಿಂದ ವಲಸೆ ಬಂದವರು ಈ ಗಾಡಿಯನ್ನು ಬಳಕೆಗೆ ತಂದರೆಂದು ಪ್ರತೀತಿ. ಅವರ ದೃಷ್ಟಿಯಿಂದ ಅದು ಯುಕ್ತವಾದ ಆಯ್ಕೆ: ಬೆಲೆ ಕಡಮೆ, ಕೆಡುವ ಭಾಗ ಕಡಮೆ, ಕಳ್ಳನಿಗೆ ಬಿಚ್ಚಿಕೊಳ್ಳಲು ಸಿಗುವುದೂ ಕಡಮೆ. ಆ ದೂತರಲ್ಲೊಬ್ಬನಾದ ನೆಲ್ಸನ್ ವೇಲ್ಸ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ ಸ್ಪ್ರಿಂಟಿನಲ್ಲಿ ಬೆಳ್ಳಿಯ ಪದಕ ಪಡೆದ. 1987ರಲ್ಲಿ ನಗರದ ಮೇಯರ್ ಎಡ್ ಕಾಚ್ ಹಗಲು ಹೊತ್ತು ಮುಖ್ಯ ಬೀದಿಗಳಲ್ಲಿ ಸೈಕಲ್ಲನ್ನು ನಿಷೇಧಿಸಹೊರಟಾಗ ದೂತರು ಗುಂಪುಗೂಡಿ ಪ್ರತಿಭಟಿಸಿದರು. ನಿಷೇಧ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಮುಂದೆ ಕೇರಿನ್ ಸವಾರರು ಬಿಟ್ಟ ಹಳೆಯ ಫ್ರೇಮುಗಳು ಅಮೆರಿಕದ ಯುವಕರ ಕೈಗೆ ಬಂದು, ಬಿಡಿಭಾಗಗಳ ಜೋಡಣೆ ಮತ್ತೆ ಒಂದು ತಲೆಮಾರಿನ ಅಭ್ಯಾಸವಾಯಿತು.

ಬ್ರೇಕಿಲ್ಲದೆ ಕಾಲಿನಿಂದಲೇ ಗಾಲಿಯನ್ನು ತಡೆದು ಜಾರಿಸುವ ಅವರ ಕೌಶಲ ಹಲ್ಲುಗಳ ಲೆಕ್ಕಕ್ಕೆ ಹೊಸ ಅರ್ಥ ಕೊಟ್ಟಿತು. ಸವಾರ ಸಾಮಾನ್ಯವಾಗಿ ಒಂದೇ ಪಾದವನ್ನು ಮುಂದಿಟ್ಟು ತಡೆಯುತ್ತಾನೆ. 48ಕ್ಕೆ 16 ಎಂದಾಗ ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಗಾಲಿ ಸರಿಯಾಗಿ ಮೂರು ಸುತ್ತು ತಿರುಗುವುದರಿಂದ, ಪ್ರತಿಸಲವೂ ಟಯರಿನ ಒಂದೇ ಜಾಗ ನೆಲಕ್ಕೆ ಉಜ್ಜಿ ಬಹುಬೇಗ ಸವೆಯುತ್ತದೆ. 47ಕ್ಕೆ 17 ಎಂದಿಟ್ಟರೆ ಸವೆತ 17 ಕಡೆಗೆ ಹಂಚಿಹೋಗುತ್ತದೆ. ಆದರೂ ಜನಸಂದಣಿಯ ರಸ್ತೆಯಲ್ಲಿ ಮುಂದೊಂದು ಬ್ರೇಕು ಇರಲೇಬೇಕೆಂದು ನಾನು ನಂಬಿದ್ದೇನೆ. ಸ್ಥಿರಗಾಲಿಯನ್ನೇ ಹಿಂದಿನ ಬ್ರೇಕೆಂದು ಒಪ್ಪುವ ಬ್ರಿಟನ್ನಿನ ಕಾನೂನು ಕೂಡ ಮುಂದಿನ ಗಾಲಿಗೆ ಬೇರೊಂದು ಬ್ರೇಕನ್ನು ವಿಧಿಸುತ್ತದೆ.

ಇಂದಿನ ದುಬಾರಿ ಸೈಕಲ್ಲುಗಳಲ್ಲಿ ಒಂದೊಂದು ಕಂಪನಿಯೂ ಕ್ರ್ಯಾಂಕಿನ ಬಟ್ಟಲಿಗೆ ತನ್ನದೇ ಆದ ಅಳತೆಯನ್ನು ಕಲ್ಪಿಸಿಕೊಂಡು, ಒಬ್ಬರ ಭಾಗ ಇನ್ನೊಬ್ಬರದಕ್ಕೆ ಹೊಂದದ ಸ್ಥಿತಿಯನ್ನು ತಂದಿಟ್ಟಿರುವುದು ನನಗೆ ವ್ಯಸನದ ಸಂಗತಿ. ಸ್ಥಿರಗಾಲಿಯ ಹಬ್ಬಿಗೆ ಆ ಗತಿ ಬಂದಿಲ್ಲ. ಯುದ್ಧಪೂರ್ವದ ಬರ್ಮಿಂಗ್‌ಹ್ಯಾಮಿನಲ್ಲಿ ಅರ್ಧ ಅಂಗುಲದ ಚೈನಿಗೆಂದು ಕಡೆದ ಹಲ್ಲುಚಕ್ರವೊಂದು ಹಳೆಯ ಸಾಮಾನಿನ ರಾಶಿಯಲ್ಲಿ ಸಿಕ್ಕಿದರೆ, ಹಲ್ಲು ಸವೆಯದಿದ್ದಲ್ಲಿ, ಅದನ್ನು ಈ ವರ್ಷ ಜಪಾನಿನಲ್ಲೋ ತೈವಾನಿನಲ್ಲೋ ತಯಾರಾದ ಹಬ್ಬಿನ ಮೇಲೆ ಗ್ರೀಸು ಸವರಿ ತಿರುಗಿಸಬಹುದು. ಅಂಗುಲಕ್ಕೆ 24 ಥ್ರೆಡ್ಡಿನ ಹಳೆಯ ಅಳತೆಯೇ ಎರಡರಲ್ಲಿಯೂ ಇರುವುದರಿಂದ ಅದು ಬಿಗಿಯಾಗಿ ಕೂರುತ್ತದೆ.