ಹಂಡೆಯಿಂದ ಷವರಿನವರೆಗೆ: ಕನ್ನಡನಾಡಿನ ಬಚ್ಚಲುಮನೆ

ಕರ್ನಾಟಕದ ಮನೆಗಳಲ್ಲಿ ಸ್ನಾನವೆಂದರೆ ನೀರನ್ನು ಮೈಮೇಲೆ ಹೊಯ್ದುಕೊಳ್ಳುವುದು. ಹೊಳೆ, ಕೆರೆ, ಕಲ್ಯಾಣಿಗಳಲ್ಲಿ ಮುಳುಗಿ ಏಳುವ ರೂಢಿ ಹಿಂದಿನಿಂದಲೂ ಉಂಟು, ಆದರೆ ಅದು ಮನೆಯ ಹೊರಗಿನ ಮಾತು. ವಿಜಯನಗರದ ಅರಸರ ಕಾಲದ ‘ರಾಣಿಯ ಸ್ನಾನಗೃಹ’ ಹಂಪೆಯಲ್ಲಿ ಇಂದಿಗೂ ನಿಂತಿದೆ. ಸುತ್ತ ಕಮಾನುಗಳ ಮೊಗಸಾಲೆ, ನಡುವೆ ಚೌಕದ ಕೊಳ, ನೀರು ಬರಲು ಕಾಲುವೆ. ಅಂಥ ವೈಭವ ಅರಮನೆಯ ಆವರಣ ದಾಟಿ ಊರಮನೆಗೆ ಇಳಿಯಲಿಲ್ಲ. ಊರಮನೆಯಲ್ಲಿದ್ದುದು ಬಚ್ಚಲು, ಒಲೆ, ಹಂಡೆ.

ಮಲೆನಾಡು ಮತ್ತು ಕರಾವಳಿಯ ಹಳೆಯ ಮನೆಗಳಲ್ಲಿ ಬಚ್ಚಲುಮನೆ ಹಿತ್ತಿಲ ಕಡೆಗೆ, ಬಾವಿಗೆ ಹತ್ತಿರ ಇರುತ್ತಿತ್ತು. ಒಲೆಯ ಮೇಲೆ ದೊಡ್ಡ ತಾಮ್ರದ ಹಂಡೆಯನ್ನು ಕೂರಿಸಿ ಸುತ್ತ ಮಣ್ಣು ಮೆತ್ತಿ ಕದಲದಂತೆ ಕಟ್ಟಿಬಿಡುತ್ತಿದ್ದರು. ಉರಿಗೆ ಅಡಿಕೆಯ ಸೋಗೆ, ತೆಂಗಿನ ಮಡಲು, ಗೆರಟೆ, ಒಣಗಿದ ಕುಂಟೆ. ತೋಟದಲ್ಲಿ ಬಿದ್ದದ್ದೆಲ್ಲ ಇಲ್ಲಿ ಸಲ್ಲುತ್ತಿತ್ತು. ನಿಂತು ಮೀಯಲು ಹಾಸುಗಲ್ಲು, ಮೊಗೆಯಲು ಚೆಂಬು. ಹರಿದುಹೋದ ನೀರು ಹಿತ್ತಿಲ ಬಾಳೆಗೆ, ಕೆಸುವಿಗೆ, ಬಸಳೆಗೆ ಸೇರುತ್ತಿತ್ತು. ಒಲೆಯ ಬೂದಿ ಪಾತ್ರೆ ತಿಕ್ಕಲೂ ಗಿಡದ ಬುಡಕ್ಕೂ ಒದಗುತ್ತಿತ್ತು. ಈ ಏರ್ಪಾಡಿನ ಭಾರವೆಲ್ಲ ಹೆಚ್ಚಾಗಿ ಹೆಂಗಸರ ಮೇಲಿತ್ತು ಎಂಬುದನ್ನು ಮರೆಯಬಾರದು. ನಸುಕಿನಲ್ಲೆದ್ದು ಬಾವಿಯಿಂದ ಕೊಡಗಟ್ಟಲೆ ನೀರು ಸೇದಿ ಹಂಡೆ ತುಂಬಿ, ಉರಿ ಹಾಕಿ, ಮನೆಯವರೆಲ್ಲರ ಸ್ನಾನ ಮುಗಿಯುವವರೆಗೂ ಬಿಸಿ ಆರದಂತೆ ನೋಡಿಕೊಳ್ಳುವವರು ಅವರೇ. ನೀರನ್ನು ಚೆಂಬಿನಿಂದ ಅಳೆದು ಹೊಯ್ದುಕೊಳ್ಳುವ ಹಿತಮಿತ ಬೆಳೆದದ್ದರಲ್ಲಿ ಈ ದುಡಿಮೆಯ ಪಾಲು ದೊಡ್ಡದು.

ಹಂಡೆಗೆ ತನ್ನದೇ ಹಬ್ಬವೂ ಇದೆ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಅಂದು ಹಂಡೆಯನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿ, ಕೆಮ್ಮಣ್ಣು ಸುಣ್ಣಗಳಿಂದ ಚಿತ್ತಾರ ಬರೆದು, ಕೊರಳಿಗೆ ಹಿಂಡಲೆಕಾಯಿಯ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜಿಸುತ್ತಾರೆ. ಮರುದಿನ ನಸುಕಿನಲ್ಲಿ ಮನೆಮಂದಿಗೆಲ್ಲ ಎಣ್ಣೆಸ್ನಾನ. ಎಣ್ಣೆ ಹಚ್ಚಿ, ಸೀಗೆಪುಡಿ ತಿಕ್ಕಿ, ತಲೆಗೆ ಬಿಸಿನೀರೆರೆಯುವ ಈ ಸ್ನಾನ ತೊಟ್ಟಿಯೊಳಗೆ ಸಾಗುವಂಥದ್ದಲ್ಲ. ಜಿಡ್ಡು, ಪುಡಿ ಎಲ್ಲವೂ ಹರಿದುಹೋಗಬೇಕು. ಮೈ ತೊಳೆದ ನೀರಿನಲ್ಲೇ ಕೂರುವುದು ಮಡಿಯ ಕಲ್ಪನೆಗೂ ಒಗ್ಗುತ್ತಿರಲಿಲ್ಲ.

ಬಾತ್‌ಟಬ್ ಬೆಂಗಳೂರಿಗೆ ಬಂದದ್ದು ಬ್ರಿಟಿಷರ ಮೂಲಕ. 1809ರಲ್ಲಿ ಕಂಟೋನ್ಮೆಂಟ್ ನೆಲೆಗೊಂಡ ಮೇಲೆ ಅಲ್ಲಿನ ಬಂಗಲೆಗಳಲ್ಲಿ ತಗಡಿನ ತೊಟ್ಟಿಯ ಸ್ನಾನ ನಡೆಯುತ್ತಿತ್ತು. ನಳವಿಲ್ಲದ ಆ ಕಾಲದಲ್ಲಿ ಆಳುಗಳು ಬಿಸಿನೀರು ಹೊತ್ತು ತಂದು ತುಂಬಬೇಕು, ಮಿಂದಾದ ಮೇಲೆ ಚೆಲ್ಲಬೇಕು. ಆಳುಕಾಳುಗಳ ಬಲವಿದ್ದವರಿಗೆ ಮಾತ್ರ ಒದಗುವ ಸುಖವಾದ್ದರಿಂದ ಅದು ಪೇಟೆಯ ಮನೆಗಳಿಗೆ ಹಬ್ಬಲಿಲ್ಲ.

ಬಚ್ಚಲನ್ನು ಬದಲಿಸಿದ್ದು ನಳದ ನೀರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಬೆಂಗಳೂರಿಗೆ ಕೊಳವೆ ನೀರು ಹರಿಯಿತು, ಅದು 1896. ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ, 1974ರಲ್ಲಿ ಕಾವೇರಿ. ನಗರದ ಮನೆಗಳಲ್ಲಿ ಹಂಡೆಯ ಬದಲು ನಡುವೆ ಕೊಳವೆಯಿರುವ ತಾಮ್ರದ ಬಾಯ್ಲರ್ ಬಂತು, ಅದರ ಹಿಂದೆ ವಿದ್ಯುತ್ತಿನ ಗೀಸರ್. ಚೆಂಬು, ಬಕೆಟ್ಟು ಮಾತ್ರ ಹಾಗೆಯೇ ಉಳಿದವು.

ಷವರ್ ಮೊದಲಿನಿಂದಲೂ ಇತ್ತು, ಇಲ್ಲಿ ಅದಕ್ಕೆ ಅನುವಿರಲಿಲ್ಲ. ಲಂಡನ್ನಿನಲ್ಲಿ ವಿಲಿಯಂ ಫೀತಮ್ ಕೈಪಂಪಿನ ಷವರಿಗೆ ಪೇಟೆಂಟ್ ಪಡೆದದ್ದು 1767ರಲ್ಲಿ. ಆದರೆ ಷವರಿಗೆ ಮೇಲಿನಿಂದ ಒತ್ತಡ ಬೇಕು: ನೀರಿನ ಮಟ್ಟ 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ದಿನಕ್ಕಿಷ್ಟೇ ಹೊತ್ತು ಬಿಡುವ ನಳದ ನೀರನ್ನು ನಂಬಲಾಗದೆ ಜನ ನೆಲದಡಿ ಸಂಪು ತೋಡಿ, ತಾರಸಿಯ ಮೇಲೆ ಟ್ಯಾಂಕ್ ಕಟ್ಟಿಸಿದರು. ನೀರಿನ ಅಭಾವಕ್ಕೆಂದು ಮಾಡಿಕೊಂಡ ಈ ಉಪಾಯವೇ ಷವರಿಗೆ ಬೇಕಾದ ಎತ್ತರವನ್ನು ಒದಗಿಸಿತು. ತಾರಸಿಯ ಸೋಲಾರ್ ಹೀಟರು ಬಿಸಿನೀರನ್ನೂ ಅಲ್ಲಿಂದಲೇ ಇಳಿಸಿತು. ತಲೆಯ ಮೇಲಿಂದ ಸುರಿದು ಹರಿದುಹೋಗುವ ಷವರಿನ ನೀರು ಹಳೆಯ ಮಡಿಗೂ ಹೊಂದಿಕೊಂಡಿತು. ಹೊಸತಾಗಿ ಕಂಡರೂ ಬಾತ್‌ಟಬ್ಬಿಗಿಂತ ಅದು ಈ ನೆಲದ ರೂಢಿಗೆ ಹೆಚ್ಚು ಹತ್ತಿರದ್ದು.

ಇಂದು ಮನೆ ಕಟ್ಟಿಸುವವರು ಎರಡರ ನಡುವೆ ಆರಿಸುವಾಗ ನೀರಿನ ಲೆಕ್ಕವೇ ಮುಖ್ಯವಾಗಬೇಕು. ಭಾರತೀಯ ಮಾನಕದಂತೆ ನಗರವಾಸಿಯೊಬ್ಬರಿಗೆ ದಿನಕ್ಕೆ ಬೇಕಾದ 135 ಲೀಟರ್ ನೀರಿನಲ್ಲಿ ಸ್ನಾನದ ಪಾಲು 55 ಲೀಟರ್. ಸಾಧಾರಣ ಬಾತ್‌ಟಬ್ ಒಮ್ಮೆ ತುಂಬಲು 150 ಲೀಟರಿಗೂ ಹೆಚ್ಚು ಬೇಕಾಗಬಹುದು. ನಿಮಿಷಕ್ಕೆ 8 ಲೀಟರ್ ಸುರಿಸುವ ಷವರಿನಲ್ಲಿ ಐದು ನಿಮಿಷಕ್ಕೆ ಮುಗಿಯುವ ಸ್ನಾನಕ್ಕೆ 40 ಲೀಟರ್ ಸಾಕು. ಅದೇ ಷವರನ್ನು ಕಾಲು ಗಂಟೆ ಬಿಟ್ಟರೆ 120 ಲೀಟರ್ ಹೋಗುತ್ತದೆ. ಸುಮಾರು 100 ಕಿ.ಮೀ. ದೂರದ ಕಾವೇರಿಯಿಂದ ನೀರನ್ನು ಪಂಪ್ ಮಾಡಿ ಮೇಲೇರಿಸಿ ತರುವ ಬೆಂಗಳೂರಿಗೆ ಬಾತ್‌ಟಬ್ ತಕ್ಕದ್ದಲ್ಲ. ಷವರ್ ತಕ್ಕದ್ದು, ಹಿತಮಿತವಾಗಿ ಬಳಸಿದರೆ. ಒಂದು ಬಕೆಟ್ಟು, ಒಂದು ಚೆಂಬಿನ ಸ್ನಾನ ಮುಗಿಯುವುದು 20 ಲೀಟರಿನ ಆಸುಪಾಸಿನಲ್ಲಿ.